ಶಿವಮೊಗ್ಗದಲ್ಲಿ ಮನೆ ಮಾಡುವುದು ಸುರಕ್ಷಿತವೇ?

ಪ್ರಶ್ನೆ: ನನಗೆ ಶಿವಮೊಗ್ಗಕ್ಕೆ ವರ್ಗವಾಗಿದೆ. ಪತ್ನಿ ಮತ್ತು ಕಾಲೇಜಿಗೆ ಹೋಗುವ ಮಗಳೊಂದಿಗೆ ಬಂದು ನೆಲೆಸಬೇಕು. ಆದರೆ ಟಿ.ವಿ.ಯಲ್ಲಿ ಆ ಊರಿನ ಗಲಭೆ, ನಿಷೇಧಾಜ್ಞೆಯ ಸುದ್ದಿಗಳನ್ನು ನೋಡಿ ಮನೆಯವರಿಗೆ ಅಳುಕು ಹುಟ್ಟಿದೆ. ಅಲ್ಲಿನ ಪರಿಚಯಸ್ಥರನ್ನು ಕೇಳಿದರೆ 'ಏನೂ ಇಲ್ಲ, ಧೈರ್ಯವಾಗಿ ಬನ್ನಿ' ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಟಿ.ವಿ. ತೋರಿಸಿದ್ದು ಸುಳ್ಳಲ್ಲ, ನಿಮ್ಮ ಪರಿಚಯಸ್ಥರು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ದಿನಗಳ ಶಿವಮೊಗ್ಗವನ್ನು ಹೇಳುತ್ತಿದ್ದಾರೆ. ವರ್ಷದ ಬಹುಪಾಲು ದಿನಗಳಲ್ಲಿ ಇದು ರಾತ್ರಿ ಊಟವಾದ ಮೇಲೆ ಜನ ಮನೆ ಮುಂದಿನ ರಸ್ತೆಯಲ್ಲಿ ನಿರಾಳವಾಗಿ ಅಡ್ಡಾಡುವ ಊರು. ಕೆಲವೇ ದಿನಗಳಲ್ಲಿ, ಅದೂ ಕೆಲವೇ ಬೀದಿಗಳಲ್ಲಿ, ಇದು ಉಸಿರು ಬಿಗಿಹಿಡಿದು ಕೂರುವ ಊರು. ಆ ದಿನಗಳು ಯಾವುವು, ಆ ಬೀದಿಗಳು ಯಾವುವು ಎಂಬುದು ಇಲ್ಲಿನವರಿಗೆ ಹೇಳದೆಯೇ ಗೊತ್ತಿರುತ್ತದೆ. ಹೊಸಬರಿಗೆ ಗೊತ್ತಿರುವುದಿಲ್ಲ. ನಿಮ್ಮ ಅಳುಕಿಗೂ ಅವರ ಧೈರ್ಯಕ್ಕೂ ಇರುವ ಅಂತರದ ಬಹುಭಾಗ ಇದೇ ಎಂದು ನನಗೆ ಅನ್ನಿಸುತ್ತದೆ.

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎನ್ನುವುದು ವಾಡಿಕೆ. ರಾಜ್ಯದ ಗಡಿ ದೂರವಿದ್ದರೂ ಇದೊಂದು ಗಡಿಯ ಊರೇ ಹೌದು. ತೀರ್ಥಹಳ್ಳಿಯ ಕಡೆಗೆ ಹೊರಟರೆ ಗಾಜನೂರು ದಾಟುತ್ತಿದ್ದಂತೆ ಕಾಡು ಕವಿಯುತ್ತದೆ, ಹೊನ್ನಾಳಿ ಅಥವಾ ಚನ್ನಗಿರಿಯ ಕಡೆಗೆ ಹೊರಟರೆ ಅರ್ಧ ಗಂಟೆಯೊಳಗೆ ಭತ್ತ, ಮೆಕ್ಕೆಜೋಳಗಳ ಬಯಲು ತೆರೆದುಕೊಳ್ಳುತ್ತದೆ. ಮಲೆನಾಡಿನ ಅಡಿಕೆಯೂ ಬಯಲಿನ ಧಾನ್ಯವೂ ಬಂದು ಸೇರುವ ಇಂಥ ಪೇಟೆಗೆ ಜನರೂ ಎಲ್ಲ ಕಡೆಯಿಂದ ಬಂದು ಸೇರಿದ್ದಾರೆ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ತಮಿಳು, ತೆಲುಗು ಮಾತನಾಡುವ ಕುಟುಂಬಗಳು ಈ ಭಾಗದಲ್ಲಿ ನೆಲೆಯೂರಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ ಮನೆ ಕಳೆದುಕೊಂಡವರು ಜಿಲ್ಲೆಯ ನಾನಾ ಮೂಲೆಗಳಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳಬೇಕಾಯಿತು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರ ಜಿಲ್ಲೆಗಳ ಮಕ್ಕಳು ಪ್ರತಿ ವರ್ಷ ಬರುತ್ತಾರೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ಇವರಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋದರೆ ಬೇರೆ ಊರಿನ ಹೆಸರು ಹೇಳದವರು ಕಡಿಮೆ. ಹಾಗಾಗಿ ಹೊಸಬರು ಎಂಬ ಕಾರಣಕ್ಕೆ ಈ ಊರು ಯಾರನ್ನೂ ಅನುಮಾನದಿಂದ ನೋಡುವುದಿಲ್ಲ.

ಇನ್ನು ನಿಮ್ಮನ್ನು ಅಂಜಿಸಿರುವ ಸುದ್ದಿಗಳ ವಿಷಯ. 2022ರ ಫೆಬ್ರವರಿ 20ರ ರಾತ್ರಿ ಹಿಂದುತ್ವ ಸಂಘಟನೆಯೊಂದರ ಯುವ ಕಾರ್ಯಕರ್ತನ ಕೊಲೆಯಾಯಿತು. ಮರುದಿನದ ಶವಯಾತ್ರೆಯಲ್ಲಿ ಕಲ್ಲು ತೂರಾಟ ನಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು, ಶಾಲಾ ಕಾಲೇಜುಗಳು ಮುಚ್ಚಿದವು, ಆ ಮೇಲೆ ತನಿಖೆ ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಯಿತು. ಅದೇ ವರ್ಷ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಹಾಕಿದ ಒಂದು ಫ್ಲೆಕ್ಸ್‌ನ ವಿಚಾರವಾಗಿ ಗಲಾಟೆಯಾಗಿ, ಅದಕ್ಕೆ ಸಂಬಂಧವೇ ಇಲ್ಲದ ಯುವಕನೊಬ್ಬ ಇರಿತಕ್ಕೊಳಗಾದ. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆದು ಮನೆಗಳಿಗೆ ಹಾನಿಯಾಯಿತು. ಇವನ್ನು ಸಣ್ಣ ಘಟನೆಗಳೆಂದು ತೇಲಿಸಿ ಮಾತನಾಡುವವರನ್ನು ನಾನು ಒಪ್ಪುವುದಿಲ್ಲ. ಪ್ರಾಣ ಹೋಗಿದೆ, ಮನೆಗಳು ಪುಡಿಯಾಗಿವೆ, ಒಂದೇ ಬೀದಿಯಲ್ಲಿ ಬೆಳೆದವರು ಒಬ್ಬರನ್ನೊಬ್ಬರು ಮಾತನಾಡಿಸದಂತಾಗಿದ್ದಾರೆ. ಈ ಊರನ್ನು ಪ್ರೀತಿಸುವವರಿಗೆ ಇದು ಇಂದಿಗೂ ಮಾಯದ ನೋವು.

ಆದರೆ ಈ ಘಟನೆಗಳ ಜಾಗ ಮತ್ತು ದಿನಗಳನ್ನು ಗಮನಿಸಿ. ಶವಯಾತ್ರೆ, ಸ್ವಾತಂತ್ರ್ಯ ದಿನದ ವೃತ್ತ, ಹಬ್ಬದ ಮೆರವಣಿಗೆ: ಮೂರರಲ್ಲೂ ಜನ ಗುಂಪುಗೂಡಿದ್ದ ದಿನವೇ, ಗುಂಪು ಕೂಡಿದ್ದ ಜಾಗದ ಸುತ್ತಲೇ ಕಿಡಿ ಹೊತ್ತಿದೆ. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳು, ಎರಡು ಸಮುದಾಯಗಳ ಮನೆಗಳು ಗೋಡೆಗೆ ಗೋಡೆ ತಾಗಿರುವ ಬಡಾವಣೆಗಳು, ಮೆರವಣಿಗೆ ಹಾದುಹೋಗುವ ವೃತ್ತಗಳು. ಅದೇ ಹೊತ್ತಿನಲ್ಲಿ ವಿನೋಬನಗರದಲ್ಲೋ ಗೋಪಾಳದಲ್ಲೋ ಇರುವವರಿಗೆ ವಿಷಯ ತಿಳಿಯುವುದು ಬಹಳ ಸಲ ಬೇರೆ ಊರಿನ ನೆಂಟರು ಗಾಬರಿಯಿಂದ ಫೋನ್ ಮಾಡಿದಾಗ.

ಹಿಂದೂ ಮಹಾಸಭಾದ ಗಣಪತಿ ವಿಸರ್ಜನೆಯ ದಿನ ಗಾಂಧಿ ಬಜಾರಿಗೆ ಹೋಗಿ ನೋಡಿದರೆ ಇಲ್ಲಿನವರು ಸುರಕ್ಷತೆಯನ್ನು ಹೇಗೆ ನಿಭಾಯಿಸುತ್ತಾರೆಂದು ತಿಳಿಯುತ್ತದೆ. ಅದಕ್ಕೆ ಕೆಲವು ದಿನ ಮೊದಲೇ ಪೊಲೀಸರ ಪಥಸಂಚಲನ ಆಗಿರುತ್ತದೆ, ಎರಡೂ ಸಮುದಾಯಗಳ ಹಿರಿಯರನ್ನು ಕೂರಿಸಿಕೊಂಡು ಶಾಂತಿ ಸಭೆ ನಡೆದಿರುತ್ತದೆ. ಅಂದು ಬೆಳಗ್ಗೆ ಅಂಗಡಿಯವರು ವ್ಯಾಪಾರ ಶುರು ಮಾಡುವಾಗಲೇ ಯಾವಾಗ ಬಾಗಿಲು ಹಾಕಬೇಕೆಂದು ಲೆಕ್ಕ ಹಾಕಿರುತ್ತಾರೆ. ಹೂವಿನವರು, ಬಾಳೆಹಣ್ಣಿನವರು ಮಧ್ಯಾಹ್ನದೊಳಗೆ ಮಾಲು ಖಾಲಿ ಮಾಡಲು ನೋಡುತ್ತಾರೆ. ಒಂದು ಷಟರ್ ಅರ್ಧ ಇಳಿದರೆ ಪಕ್ಕದ್ದೂ ಇಳಿಯುತ್ತದೆ, ಆದರೆ ಒಳಗಿದ್ದ ಗಿರಾಕಿಗೆ ಸಾಮಾನು ಕಟ್ಟಿಕೊಡುವುದು ನಿಲ್ಲುವುದಿಲ್ಲ. 'ಇವತ್ತು ನೆಹರು ರಸ್ತೆ ಕಡೆ ಗಾಡಿ ತರಬೇಡಿ, ಸುತ್ತಿ ಬನ್ನಿ' ಎಂದು ಮನೆಯವರಿಗೆ ಹೇಳುವ ದನಿಯಲ್ಲಿ ಗಾಬರಿ ಇರುವುದಿಲ್ಲ. ಹತ್ತಾರು ವರ್ಷಗಳ ರೂಢಿ ಅದು. ಮೆರವಣಿಗೆಯಲ್ಲಿ ಸಾವಿರಾರು ಜನ ಕುಣಿದು, ಬಹುಪಾಲು ವರ್ಷಗಳಲ್ಲಿ ಏನೂ ಆಗದೆ, ಗಣಪತಿ ತುಂಗೆಯನ್ನು ಸೇರುತ್ತದೆ. ಏನೂ ಆಗದಿರುವುದು ಸುದ್ದಿಯಾಗುವುದಿಲ್ಲವಷ್ಟೆ. 2023ರಲ್ಲಿ ಮಿಲಾದ್ ಮತ್ತು ಗಣಪತಿ ವಿಸರ್ಜನೆ ಒಂದೇ ದಿನ ಬಿದ್ದಾಗ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮುಂದಿನ ಭಾನುವಾರಕ್ಕೆ ಹಾಕಿಕೊಂಡರು. ಆ ಭಾನುವಾರವೇ ರಾಗಿಗುಡ್ಡದ ಘಟನೆ ನಡೆದುಹೋಯಿತಾದರೂ, ದಿನ ಬದಲಿಸಿದವರ ಹಿರಿತನವನ್ನು ಊರು ಮರೆಯಬಾರದು.

ನಿಷೇಧಾಜ್ಞೆ ಎಂದ ಕೂಡಲೇ ಹೊರಗಿನವರು ಕರ್ಫ್ಯೂ ಎಂದು ಭಾವಿಸುತ್ತಾರೆ. ಎರಡೂ ಒಂದಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿಯಲ್ಲಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಅಡಿಯಲ್ಲಿ ಹೊರಡುವ ಈ ಆಜ್ಞೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಜನ ಗುಂಪು ಸೇರುವುದನ್ನು, ಮೆರವಣಿಗೆಯನ್ನು, ಆಯುಧ ಹಿಡಿದು ಓಡಾಡುವುದನ್ನು ತಡೆಯಲಾಗುತ್ತದೆ. ಬಸ್ಸು, ಆಸ್ಪತ್ರೆ, ಔಷಧದ ಅಂಗಡಿ ನಡೆಯುತ್ತಲೇ ಇರುತ್ತವೆ. ಒಂದು ಠಾಣೆಯ ವ್ಯಾಪ್ತಿಗಷ್ಟೇ ಆಜ್ಞೆ ಹೊರಡುವುದೂ ಉಂಟು. ಹೊರಗೆ ಬರಲೇಬಾರದೆಂಬ ನಿರ್ಬಂಧ ಇದ್ದರೆ ಅದನ್ನು ಆಜ್ಞೆಯಲ್ಲಿ ಪ್ರತ್ಯೇಕವಾಗಿ ಹೇಳಿರುತ್ತಾರೆ. ಅಂಥ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಡಿಯೊಗಳನ್ನು ನಂಬಿ ಹೆದರಬೇಡಿ, ಮುಂದಕ್ಕೂ ಕಳಿಸಬೇಡಿ. ಆಜ್ಞೆಯ ಪ್ರತಿಯನ್ನೇ ಓದಿ, ಇಲ್ಲವೇ ನಿಮ್ಮ ಠಾಣೆಗೆ ಫೋನ್ ಮಾಡಿ ಕೇಳಿ.

ಒಂದು ಮಾತನ್ನು ಇಲ್ಲಿ ನೇರವಾಗಿ ಹೇಳಬೇಕು. ಸುರಕ್ಷಿತವೆಂಬ ಭಾವನೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುತ್ತಿಲ್ಲ. ಬಾಡಿಗೆಗೆ ಮನೆ ಕೇಳಿಕೊಂಡು ಹೋದವರನ್ನು 'ಯಾವೂರು, ಯಾರ ಪೈಕಿ' ಎಂದು ವಿಚಾರಿಸುವುದು ಮಲೆನಾಡಿನಲ್ಲಿ ಹಳೆಯ ಪದ್ಧತಿ. ಬಹಳ ಸಲ ಅದು ಆಪ್ತತೆಯ ಮಾತೇ, ಹಾಗೆ ಕೇಳಿದವರೇ ನಾಳೆ ನಿಮ್ಮ ಮನೆಗೆ ಹಲಸಿನ ಹಪ್ಪಳ ಕಳಿಸುತ್ತಾರೆ. ಆದರೆ ಹೆಸರು ಕೇಳಿದ ಮೇಲೆ 'ಮನೆ ಆಗಲೇ ಕೊಟ್ಟಾಯಿತು' ಎಂಬ ಉತ್ತರ ಸಿಗುವವರೂ ಇದ್ದಾರೆ. ಗಲಭೆ ನಡೆದ ಪ್ರತಿ ಸಲವೂ ಹೀಗೆ ಮುಚ್ಚುವ ಬಾಗಿಲುಗಳು ಹೆಚ್ಚುತ್ತವೆ, ಜನ ತಮ್ಮ ತಮ್ಮವರ ಬಡಾವಣೆಗಳಿಗೆ ಸರಿಯುತ್ತಾರೆ, ಮುಂದಿನ ಸಲದ ಭಯಕ್ಕೆ ಅದೇ ಕಾರಣವಾಗುತ್ತದೆ. ಕಲ್ಲು ತೂರಾಟಕ್ಕಿಂತ ಇದು ಊರಿಗೆ ಹೆಚ್ಚು ಕೇಡು ಮಾಡುತ್ತಿದೆ ಎಂಬುದು ನನ್ನ ಅಭಿಪ್ರಾಯ. ನೀವು ಯಾರೇ ಆಗಿರಿ, ಬೇರೆ ಬೇರೆ ಜನ ಕೂಡಿ ಬಾಳುವ ಬೀದಿ ಸಿಕ್ಕಿದರೆ ಅಲ್ಲಿಯೇ ಮನೆ ಹಿಡಿಯಿರಿ.

ಇಷ್ಟಾದರೂ, ಇಲ್ಲಿ ಹತ್ತು ವರ್ಷ ಇದ್ದವರನ್ನು ನಿಮಗೆ ಯಾವುದರ ಭಯ ಎಂದು ಕೇಳಿದರೆ ಗಲಭೆಗಿಂತ ಮೊದಲು ನೀರು ಮತ್ತು ರಸ್ತೆಯ ಮಾತು ಬರುತ್ತದೆ. ನಗರದಿಂದ ಸುಮಾರು 12 ಕಿ.ಮೀ. ಮೇಲಕ್ಕೆ ಗಾಜನೂರಿನಲ್ಲಿರುವ ತುಂಗಾ ಅಣೆಕಟ್ಟು ಚಿಕ್ಕದು, ಅದರ ಸಾಮರ್ಥ್ಯ 3.24 ಟಿಎಂಸಿ ಅಡಿ ಮಾತ್ರ. ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ಅದು ತುಂಬುತ್ತದೆ. ಆಮೇಲೆ ಎಷ್ಟು ನೀರು ಬಂದರೂ ಅಷ್ಟನ್ನೂ ಗೇಟು ತೆರೆದು ಹೊರಗೆ ಬಿಡಬೇಕು. ಹಾಗಾಗಿ ಶಿವಮೊಗ್ಗದಲ್ಲಿ ಬಿಸಿಲಿದ್ದರೂ ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ಜಡಿಮಳೆಯಾದರೆ ಇಲ್ಲಿ ಹೊಳೆ ಏರುತ್ತದೆ. ಕೋರ್ಪಲಯ್ಯನ ಛತ್ರದ ಬಳಿ ನದಿಯೊಳಗೆ ಒಂದು ಕಲ್ಲಿನ ಮಂಟಪವಿದೆ. ಮಳೆಗಾಲದಲ್ಲಿ ಜನ ಸೇತುವೆಯ ಮೇಲೆ ನಿಂತು ಆ ಮಂಟಪವನ್ನೇ ನೋಡುತ್ತಾರೆ. ಮಂಟಪ ಮುಳುಗಿತೆಂದರೆ ತಗ್ಗಿನಲ್ಲಿರುವವರು ಸಾಮಾನುಗಳನ್ನು ಮೇಲಕ್ಕೆ ಏರಿಸಲು ಶುರು ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ನದಿಯಂಚಿನ ಬಡಾವಣೆಗಳಿಗೆ ನೀರು ನುಗ್ಗಿ ಕುಟುಂಬಗಳು ಕಾಳಜಿ ಕೇಂದ್ರಗಳಲ್ಲಿ ಉಳಿಯಬೇಕಾಯಿತು. ಮನೆ ಒಪ್ಪುವ ಮುನ್ನ ಮಾಲೀಕರನ್ನಲ್ಲ, ಎದುರು ಮನೆಯವರನ್ನು '2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು' ಎಂದು ಕೇಳಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಊರ ಹೊರವಲಯದಲ್ಲಿ ಮನೆ ಹುಡುಕುವವರು ಹತ್ತಿರ ಕಲ್ಲು ಕ್ವಾರಿಗಳಿವೆಯೇ ಎಂದೂ ವಿಚಾರಿಸಬೇಕು. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕ್ರಷರ್ ಬಳಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದು ಹಲವರು ಸತ್ತರು. ಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿ ಬಂದಿದ್ದರು.

ರಸ್ತೆಯ ವಿಷಯದಲ್ಲಿ ಹೊಸಬರು ಎಡವುವುದು ರಜೆಯ ದಿನಗಳಲ್ಲಿ. ಜೋಗ, ಆಗುಂಬೆ, ಸಿಗಂದೂರು ಎಂದು ಮಳೆಯಲ್ಲೇ ಕಾರು ಹತ್ತಿ ಹೊರಟು, ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ವೇಗವಾಗಿ ಮರಳುತ್ತಾರೆ. ಮಂಡಗದ್ದೆಯ ಆಸುಪಾಸಿನಲ್ಲಿ ಗಾಳಿಮಳೆಗೆ ಮರ ಬೀಳುವುದು, ಪ್ರಾಣಿಗಳು ರಸ್ತೆ ದಾಟುವುದು ಸಾಮಾನ್ಯ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನೇ ನಿಲ್ಲಿಸಿಬಿಡುತ್ತಾರೆ. ಹಗಲಿನಲ್ಲಿ ಹೋಗಿ ಹಗಲಿನಲ್ಲೇ ಬನ್ನಿ. ಬೇಸಿಗೆಯಲ್ಲಿ ಕಾಡು ಸುತ್ತುವ ಆಸೆಯಿದ್ದರೆ ಮಂಗನ ಕಾಯಿಲೆಯನ್ನು ನೆನಪಿನಲ್ಲಿಡಿ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡ ಈ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಪೇಟೆಯಲ್ಲಿ ಇರುವವರಿಗೆ ಅದರ ಆತಂಕವಿಲ್ಲ. ಕಾಡಿಗೆ ಕಾಲಿಡುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಬೇಕು.

ಕೊನೆಯದಾಗಿ ನಿಮ್ಮ ಮಗಳ ವಿಷಯ. ಹಗಲು ಮತ್ತು ಸಂಜೆ ಈ ಊರಿನ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಸ್ಕೂಟರಿನಲ್ಲಿ, ಸಿಟಿ ಬಸ್ಸಿನಲ್ಲಿ ಓಡಾಡುತ್ತಾರೆ. ಇಲ್ಲಿ ಪೇಟೆ ಬೇಗ ಮಲಗುತ್ತದೆ, ರಾತ್ರಿ ಒಂಬತ್ತೂವರೆಯ ಮೇಲೆ ಹಲವು ಬಡಾವಣೆಗಳ ರಸ್ತೆ ನಿರ್ಜನವಾಗುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಬೀದಿ ದೀಪವೂ ಇರುವುದಿಲ್ಲ. ಗಾಂಜಾ ಮಾರಾಟದ ಪ್ರಕರಣಗಳನ್ನು ಪೊಲೀಸರು ದಾಖಲಿಸುತ್ತಲೇ ಇದ್ದಾರೆ, ಕಾಲೇಜು ಮಕ್ಕಳ ತಂದೆತಾಯಿಯರಿಗೆ ಅದೂ ಗೊತ್ತಿರಬೇಕು. ಟ್ಯೂಷನ್ ತಡವಾಗಿ ಮುಗಿಯುವುದಾದರೆ ಮುಖ್ಯರಸ್ತೆಯಿಂದ ಎರಡು ತಿರುವಿನೊಳಗೆ ಇರುವ ಮನೆಯನ್ನು ನೋಡಿ, ಒಂದು ಸಲ ಹಗಲಲ್ಲಿ, ಒಂದು ಸಲ ರಾತ್ರಿ ಆ ದಾರಿಯಲ್ಲಿ ಮಗಳ ಜೊತೆ ನಡೆದು ನೋಡಿ. ಮುಂಗಡ ಕೊಡುವುದು ಆಮೇಲಾಗಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181 ಎಂಬ ಸಂಖ್ಯೆಗಳು ಅವಳ ಫೋನಿನಲ್ಲಿರಲಿ. ಅದರ ಜೊತೆಗೆ ಬೀದಿ ಮೂಲೆಯ ಕಿರಾಣಿ ಅಂಗಡಿಯವರ ನಂಬರೂ ಇರಲಿ. ಬಂದ ಮೊದಲ ವಾರದಲ್ಲೇ ಅವರಿಗೆ ನಿಮ್ಮ ಪರಿಚಯ ಮಾಡಿಕೊಳ್ಳಿ.