ಮೆದುಳು ಕೆಡದೆ ಉಳಿಯಿತು, ಜೀವ ಬರುತ್ತಾ?

ಪ್ರಶ್ನೆ: ಹಂದಿಯ ಮೆದುಳನ್ನು ಕೆಡದಂತೆ ಇಟ್ಟಿದ್ದಕ್ಕೆ ಬಹುಮಾನ ಕೊಟ್ಟಿದ್ದಾರಂತೆ. ಹಾಗಾದರೆ ಕ್ರಯಾನಿಕ್ಸ್ (ಸತ್ತ ಮೇಲೆ ದೇಹವನ್ನು ಕೊರೆಯುವ ಚಳಿಯಲ್ಲಿ ಕಾಪಾಡಿ ಇಡುವುದು) ಮಾಡಿಸಿಕೊಂಡವರು ಮುಂದೊಂದು ದಿನ ಎದ್ದು ಬರಬಹುದಾ?

ಆ ಬಹುಮಾನ ನೋಡಿ ಹಾಗೆ ನಂಬಬೇಡಿ. ಬಹುಮಾನ ಕೊಟ್ಟಿದ್ದು ನಿಜ. ಅಮೆರಿಕದ ಬ್ರೇನ್ ಪ್ರಿಸರ್ವೇಶನ್ ಫೌಂಡೇಶನ್ 2016ರಲ್ಲಿ ಮೊಲದ ಮೆದುಳಿಗೆ, 2018ರಲ್ಲಿ ಹಂದಿಯ ಮೆದುಳಿಗೆ ಕೊಟ್ಟಿತು. ಆದರೆ ಯಾವುದಕ್ಕೆ ಕೊಟ್ಟರು ಅನ್ನೋದು ಮುಖ್ಯ ಅಲ್ವಾ?

ಗೆದ್ದ ತಂಡ ಮೊದಲು ರಕ್ತನಾಳಗಳ ಮೂಲಕ ಗ್ಲುಟರಾಲ್ಡಿಹೈಡ್ ಹರಿಸಿತು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು, ಇದ್ದಲ್ಲೇ ಕೂರಿಸುವ ರಾಸಾಯನಿಕ. ಆಮೇಲೆ ಮಂಜುಗಡ್ಡೆ ಕಟ್ಟದಂತೆ ಎಥಿಲೀನ್ ಗ್ಲೈಕಾಲ್ ತುಂಬಿಸಿ, ಮೈನಸ್ 135 ಡಿಗ್ರಿಗೆ ಇಳಿಸಿದರು. ಮತ್ತೆ ಬೆಚ್ಚಗೆ ಮಾಡಿ, ತೆಳುವಾಗಿ ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನರಕೋಶಗಳ ನಡುವಿನ ಜೋಡಣೆಗಳು ಹಾಳಾಗದೆ ಉಳಿದಿದ್ದವು. ತೀರ್ಪುಗಾರರು ನೋಡಿದ್ದು ಅಷ್ಟನ್ನೇ. ಗ್ಲುಟರಾಲ್ಡಿಹೈಡ್ ಹೊಕ್ಕ ಕೋಶ ಮತ್ತೆ ಬದುಕುವುದಿಲ್ಲ. ರಚನೆ ಉಳಿದರೆ ನೆನಪೂ ಉಳಿದಂತೆಯೇ ಎಂದು ವಾದಿಸುವವರಿದ್ದಾರೆ. ಅದು ಬೇರೆಯೇ ಚರ್ಚೆ.

ಕ್ರಯಾನಿಕ್ಸ್ ಸಂಸ್ಥೆಗಳ ದಾರಿಯೂ ಬೇರೆ. 1967ರಲ್ಲಿ ಜೇಮ್ಸ್ ಬೆಡ್‌ಫರ್ಡ್ ಅವರ ದೇಹವನ್ನು ಇಡುವುದರೊಂದಿಗೆ ಶುರುವಾದ ಈ ಕೆಲಸದಲ್ಲಿ ದೇಹವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಸಾವು ಘೋಷಣೆಯಾದ ಮೇಲೆಯೇ ಇದು ಶುರು. ಅಷ್ಟರಲ್ಲಿ ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ. ಪ್ರಯೋಗದ ಹಂದಿಗೆ ಆ ತೊಂದರೆ ಇರಲಿಲ್ಲ.

ಜನರ ಕುತೂಹಲವೇನೂ ಕಡಿಮೆಯಿಲ್ಲ. 2002ರಲ್ಲಿ ನ್ಯೂ ಸೈಂಟಿಸ್ಟ್ ಪತ್ರಿಕೆ, ಸತ್ತ ಮೇಲೆ ದೇಹವನ್ನು ಹೀಗೆ ಕಾಪಾಡಿಸಿಕೊಡುವುದನ್ನೇ ಸ್ಪರ್ಧೆಯ ಬಹುಮಾನವಾಗಿ ಇಟ್ಟಿತ್ತು! ಅಂಥ ಸುದ್ದಿ ಬೇಗ ಹಬ್ಬುತ್ತದೆ. ತೀರ್ಪುಗಾರರು ಅಳೆದದ್ದೇನು ಎಂದು ಕೇಳುವವರು ಕಡಿಮೆ.

ನನಗೆ ಜಾಸ್ತಿ ಭರವಸೆ ಕೊಡುವ ಕೆಲಸ ಬೇರೆಯಿದೆ. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡಗಳನ್ನು 100 ದಿನದವರೆಗೆ ಕೊರೆಯುವ ಚಳಿಯಲ್ಲಿಟ್ಟು, ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳಿಂದ ಒಳಗೂ ಹೊರಗೂ ಒಂದೇ ಸಮ ಬಿಸಿ ಮಾಡಿ, ಬೇರೆ ಇಲಿಗಳಿಗೆ ಜೋಡಿಸಿದರು. ಅವು ಕೆಲಸ ಮಾಡಿದವು. ಮನುಷ್ಯರ ಅಂಗದಾನಕ್ಕೆ ಇದು ಒದಗಿದರೆ ಎಷ್ಟೋ ಜೀವ ಉಳಿಯುತ್ತವೆ. ಇಡೀ ಸಸ್ತನಿಯೊಂದನ್ನು ಹಾಗೆ ಇಟ್ಟು ಎಬ್ಬಿಸಿದವರು ಮಾತ್ರ ಇನ್ನೂ ಯಾರೂ ಇಲ್ಲ.