ಯಾವ ಫಾರ್ಟಿ ಸಾರ್?

ದೀಪಾವಳಿಗೆ ಎರಡು ದಿನ ಇರುವಾಗ ಶಿವಮೊಗ್ಗದ ಗಾಂಧಿ ಬಜಾರಿನ ಯಾವುದಾದರೂ ಜವಳಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಈ ಜಗಳ ಕಿವಿಗೆ ಬಿದ್ದೇ ಬೀಳುತ್ತದೆ. ‘ನಾ ಕೇಳಿದ್ದು ಫಾರ್ಟಿ, ನೀ ಕೊಟ್ಟಿದ್ದು ಎಂಥದು?’ ‘ಅದೂ ಫಾರ್ಟಿನೇ ಸಾರ್, ಲೇಬಲ್ ನೋಡಿ.’ ‘ಲೇಬಲ್ ಹಾಳಾಗ್ಲಿ ಮಾರಾಯ, ಗುಂಡಿ ಹಾಕಕ್ಕೇ ಬರ್ತಿಲ್ಲ!’ ಅಂಗಡಿ ಹುಡುಗನಿಗೆ ತನ್ನ ಕೆಲಸ ಗೊತ್ತಿಲ್ಲ ಎಂದು ಗಿರಾಕಿಯ ತೀರ್ಮಾನ. ಈ ಯಜಮಾನರಿಗೆ ಹೊಟ್ಟೆ ಬಂದಿದ್ದು ಗೊತ್ತಾಗಿಲ್ಲ ಎಂದು ಹುಡುಗನ ತೀರ್ಮಾನ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಅಂಗಡಿಯಲ್ಲಿ ಕನಿಷ್ಠ ಮೂರು ನಲವತ್ತುಗಳಿವೆ, ಅಷ್ಟೇ.

ಆಫೀಸಿಗೆ ಹಾಕುವ ಫಾರ್ಮಲ್ ಶರ್ಟುಗಳ ಮೇಲೆ 38, 39, 40, 42, 44 ಎಂದು ಇರುತ್ತದಲ್ಲ, ಅದು ಎದೆಯ ಅಳತೆಯೇ ಅಲ್ಲ. ಅದು ಕಾಲರಿನ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. 40 ಸೆಂ.ಮೀ. ಅಂದರೆ ಹದಿನಾರು ಇಂಚಿಗೆ ಕಾಲು ಕಡಿಮೆ ಕುತ್ತಿಗೆ. ಪಕ್ಕದ ರ‍್ಯಾಕಿನಲ್ಲಿ ನೇತಾಡುವ ಕುರ್ತಾ ಅಥವಾ ಬ್ಲೇಜರಿನ 40 ಎದೆಯ ಸುತ್ತಳತೆ, ಅದು ಇಂಚಿನಲ್ಲಿ. ಮೂರನೆಯದು ಇನ್ನೂ ತರಲೆ: ಕೆಲವು ತಯಾರಕರು ತೊಡುವವನ ಎದೆಯನ್ನು ಬರೆಯದೆ ಅಂಗಿಯದೇ ಎದೆಯನ್ನು ಅಳೆದು 40 ಎಂದು ಬರೆಯುತ್ತಾರೆ. ಮೈಗೂ ಅಂಗಿಗೂ ನಡುವೆ ಉಸಿರಾಡಲು, ಕೈ ಎತ್ತಲು ಮೂರ್ನಾಲ್ಕು ಇಂಚು ಸಡಿಲ ಬೇಕೇ ಬೇಕು. ಹಾಗಾಗಿ 40 ಇಂಚಿನ ಅಂಗಿ 36-37 ಇಂಚಿನ ಎದೆಯವನದು, 40 ಇಂಚಿನ ಎದೆಯವನದಲ್ಲ. ಈ 40 ಇಂಚಿನ ಎದೆಯವನೇ ಬನಿಯನ್ ಕೇಳಿದರೆ ಅವನು 40 ಅಲ್ಲ, 100. ಬನಿಯನ್ನಿಗೆ ಎದೆಯಳತೆ ಸೆಂಟಿಮೀಟರಿನಲ್ಲಿ: 85, 90, 95, 100.

ಈ ಕಲಬೆರಕೆಗೆ ಕಾರಣ ಇದೆ. ಸೇರು, ಮಣ, ಗಜಗಳ ಗೊಂದಲ ತೀರಿಸಲು 1956ರಲ್ಲಿ ತೂಕ ಅಳತೆಗಳ ಕಾಯ್ದೆ ಬಂತು, 1958ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾಯಿತು. ಬಟ್ಟೆ ಅಂಗಡಿಯವರು ಮೀಟರಿಗೆ ಹೋದರು, ದರ್ಜಿಗಳು ಇಂಚು ಬಿಡಲಿಲ್ಲ. ಇವತ್ತಿಗೂ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆಯನ್ನು ಮೀಟರಿನಲ್ಲಿ ಹರಿಸಿಕೊಂಡು, ಹೊಲಿಯಲು ಕೊಡುವಾಗ ಇಂಚಿನಲ್ಲಿ ಅಳತೆ ಬರೆಸುತ್ತೇವೆ. ರೆಡಿಮೇಡ್ ಎರಡೂ ಮನೆಯ ಕೂಸು.

ಆದರೆ ಇದು ಬರೀ ಲೆಕ್ಕದ ತೊಡಕು. ಒಂದು ಹಾಳೆಯಲ್ಲಿ ಬರೆದುಕೊಂಡರೆ ಮುಗಿಯಿತು. ನಿಜವಾದ ತೊಡಕು ‘ನನ್ನ ಸೈಜು ಇಂತಿಷ್ಟು’ ಎಂಬ ನಂಬಿಕೆಯಲ್ಲಿದೆ. ಮೈ ಎನ್ನುವುದನ್ನು ಒಂದು ಸಂಖ್ಯೆಯಲ್ಲಿ ಹೇಳಬಹುದು, ಆ ಒಂದು ಗೊತ್ತಾದರೆ ಉಳಿದದ್ದೆಲ್ಲ ತಾನೇ ಗೊತ್ತಾಗುತ್ತದೆ ಎಂಬ ನಂಬಿಕೆ. ಇದರ ಶುದ್ಧ ರೂಪ ನೋಡಬೇಕಿದ್ದರೆ ಟ್ರಯಲ್ ರೂಮ್ ಇಲ್ಲದ ಅಂಗಡಿಗೆ ಹೋಗಿ ಪ್ಯಾಂಟ್ ಕೇಳಿ. ‘ಹಾಕಿ ನೋಡೋದೇನು ಬ್ಯಾಡ ಸಾರ್, ಕುತ್ತಿಗೆಗೆ ಸುತ್ತಿ. ಎರಡೂ ತುದಿ ಹಿಂದೆ ಮುಟ್ಟಿದ್ರೆ ಕರೆಕ್ಟ್ ಆಗತ್ತೆ.’

ಗುಂಡಿ ಹಾಕಿ ಚಪ್ಪಟೆ ಹಿಡಿದ ಪ್ಯಾಂಟಿನ ಸೊಂಟಪಟ್ಟಿ ಈ ತುದಿಯಿಂದ ಆ ತುದಿಗೆ ಸೊಂಟದ ಸುತ್ತಳತೆಯ ಅರ್ಧ. ಅದು ಕುತ್ತಿಗೆಯನ್ನು ಸುತ್ತಿತು ಎಂದರೆ ಸೊಂಟ ಕುತ್ತಿಗೆಯ ಎರಡರಷ್ಟು ಎಂದಾಯಿತು. ತೆಳ್ಳಗಿನ ಹುಡುಗನಿಗೆ ಇದು ನಡೆಯುತ್ತದೆ: ಸೊಂಟ 30, ಕುತ್ತಿಗೆ 15. ಅವನೇ ಮದುವೆಯಾಗಿ, ಹತ್ತು ವರ್ಷ ಕೂತು ಉಂಡು, ಸೊಂಟ 38 ಆದಾಗ ಕುತ್ತಿಗೆ 19 ಆಗುವುದಿಲ್ಲ. ಬಹಳವೆಂದರೆ ಹದಿನಾರೂವರೆ. ಕೊಬ್ಬು ಎಲ್ಲ ಕಡೆ ಒಂದೇ ಸಮನೆ ಕೂರುವುದಿಲ್ಲ. ಗಂಡಸರಲ್ಲಿ ಹೊಟ್ಟೆ ಮೊದಲು, ಕುತ್ತಿಗೆ ಆಮೇಲೆ. ಕುತ್ತಿಗೆ ಉಪಾಯ ಅವನಿಗೆ 33ರ ಪ್ಯಾಂಟ್ ಕೊಟ್ಟು ಕಳಿಸುತ್ತದೆ, ಐದು ಇಂಚು ಕಡಿಮೆ. ಮುಷ್ಟಿಗೆ ಸಾಕ್ಸ್ ಸುತ್ತಿ ನೋಡುವ ಉಪಾಯವೂ ಇದೇ ಜಾತಿಯದು. ಅದು ಬದುಕಿಕೊಂಡಿದೆ, ಯಾಕೆಂದರೆ ಸಾಕ್ಸ್ ಹಿಗ್ಗುತ್ತದೆ, ತಪ್ಪು ಯಾರಿಗೂ ಕಾಣುವುದಿಲ್ಲ.

ಒಂದು ಅಂಗ ಅಳೆದು ಉಳಿದ ಅಂಗಗಳನ್ನು ಹೇಳುವ ಶಾಸ್ತ್ರ ನಮ್ಮಲ್ಲಿ ಇತ್ತು. ಪೂರ್ತಿ ನಿಖರವಾಗಿಯೇ ಇತ್ತು. ವಿಗ್ರಹ ಕಡೆಯುವವರ ತಾಲಮಾನ ಅದು. 12 ಅಂಗುಲಕ್ಕೆ ಒಂದು ತಾಲ, ಮುಖದ ಉದ್ದ ಒಂದು ತಾಲ. ನವತಾಲದ ಮೂರ್ತಿ ಅಂದರೆ 108 ಅಂಗುಲ ಎತ್ತರ. ಮುಖ ಎಷ್ಟು ಎಂದು ನಿಂತರೆ ಎದೆ, ಹೊಕ್ಕುಳು, ಮೊಣಕಾಲು ಎಲ್ಲ ಎಲ್ಲೆಲ್ಲಿ ಬರಬೇಕು ಎಂಬುದು ನಿಂತಂತೆಯೇ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಗೇಣುದ್ದದ ಕೃಷ್ಣನನ್ನೂ ಮಾಡಬಲ್ಲರು, ಬೇಕೆಂದರೆ ಆಳೆತ್ತರದವನನ್ನೂ ಮಾಡಬಲ್ಲರು; ಕೃಷ್ಣ ಕೃಷ್ಣನಾಗಿಯೇ ಇರುತ್ತಾನೆ. ವಿಗ್ರಹಕ್ಕೆ ಒಂದೇ ಸಂಖ್ಯೆ ಸಾಕು, ಯಾಕೆಂದರೆ ಉಳಿದವನ್ನು ಆ ಸಂಖ್ಯೆಗೆ ಕಟ್ಟಿಹಾಕಿದವನು ಶಿಲ್ಪಿ. ಮನುಷ್ಯನ ಮೈಯಲ್ಲಿ ಹಾಗೆ ಕಟ್ಟಿದವರು ಯಾರೂ ಇಲ್ಲ. ರೆಡಿಮೇಡ್ ಲೇಬಲ್ ನಮ್ಮನ್ನು ನವತಾಲದ ಮೂರ್ತಿ ಎಂದುಕೊಂಡಿದೆ.

ಹಾಗಾದರೆ ಮೈಯ ಅಳತೆಗಳಿಗೆ ಪರಸ್ಪರ ಸಂಬಂಧವೇ ಇಲ್ಲವೇ? ಇದೆ, ಆದರೆ ಸಡಿಲ. ಉದ್ದಗಳು ಉದ್ದಗಳ ಜೊತೆ ಹೋಗುತ್ತವೆ: ಎತ್ತರದವನಿಗೆ ಕೈಯೂ ಉದ್ದ, ಕಾಲೂ ಉದ್ದ. ಸುತ್ತಳತೆಗಳು ಸುತ್ತಳತೆಗಳ ಜೊತೆ ಹೋಗುತ್ತವೆ: ಎದೆ ಅಗಲಿಸಿದವನಿಗೆ ಸೊಂಟವೂ ಸಾಮಾನ್ಯವಾಗಿ ದೊಡ್ಡದು. ಆದರೆ ಉದ್ದಕ್ಕೂ ಸುತ್ತಿಗೂ ನಂಟು ಬಹಳ ತೆಳು. ಮೈ ಅಂದರೆ ಜೋಡಿ ಎತ್ತಿನ ಗಾಡಿ, ಎರಡು ಹಗ್ಗ ಬೇಕು. ಲೇಬಲ್ ಒಂದೇ ಹಗ್ಗ ಹಿಡಿದು ಓಡಿಸಲು ನೋಡುತ್ತದೆ. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ಅಡಿಕೆ ಮಂಡಿಗೆ ಬನ್ನಿ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಅಡಿಕೆಯ ಬಗೆಯ ಹೆಸರು ಹೇಳಿದ ಮಾತ್ರಕ್ಕೆ ಯಾವ ವ್ಯಾಪಾರಿಯೂ ದರ ಕೂಗುವುದಿಲ್ಲ. ಚೀಲಕ್ಕೆ ಕೈ ಹಾಕಿ ಗಾತ್ರ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಒಡೆದು ಒಳಗು ನೋಡುತ್ತಾನೆ. ಒಂದು ಅಡಿಕೆಗೋಟಿನ ಬಗ್ಗೆ ಇಷ್ಟು ಎಚ್ಚರ ಇರುವ ಊರಿನಲ್ಲಿ ಮನುಷ್ಯನನ್ನು ‘ಎಲ್’ ಎಂಬ ಒಂದಕ್ಷರಕ್ಕೆ ಬಿಟ್ಟುಕೊಡುತ್ತೇವೆ!

ಒಂದು ಲೆಕ್ಕ ಮಾಡೋಣ. ಸಾವಿರ ಜನರನ್ನು ಸಾಲಾಗಿ ಜರಡಿ ಹಿಡಿಯಿರಿ. ಮೊದಲ ಜರಡಿ ಎದೆ: ಮಧ್ಯಮ ಎದೆಯವರು ಮಾತ್ರ, ಅಂದರೆ ನಡುವಿನ ಶೇ. 30 ಜನ, ಉಳಿಯಲಿ. ಉಳಿದವರು 300. ಎರಡನೆಯ ಜರಡಿ ತೋಳಿನ ಉದ್ದ. ಅಳತೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 90 ಜನ ಉಳಿಯುತ್ತಾರೆ. ಮೂರನೆಯದಕ್ಕೆ 27. ನಾಲ್ಕಕ್ಕೆ 8. ಆರನೆಯ ಜರಡಿಗೆ ಒಬ್ಬನೂ ಉಳಿಯುವುದು ಅನುಮಾನ. ಇದು ಕಾಗದದ ಲೆಕ್ಕ. ನಿಜವಾದ ಜರಡಿಯನ್ನೂ ಹಿಡಿದಿದ್ದಾರೆ. 1950ರಲ್ಲಿ ಅಮೆರಿಕದ ವಾಯುಪಡೆ ವಿಮಾನದ ಕಾಕ್‌ಪಿಟ್ ಯಾವ ಅಳತೆಯದಿರಬೇಕು ಎಂದು ತಿಳಿಯಲು ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈ ಅಳೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕ ಅದರಲ್ಲಿ 4,063 ಜನರ ಹತ್ತು ಅಳತೆ ಆರಿಸಿ, ಹತ್ತರಲ್ಲೂ ನಡುವಿನ ಶೇ. 30ರೊಳಗೆ ಬರುವವರು ಎಷ್ಟು ಎಂದು ಎಣಿಸಿದ. ಉತ್ತರ ಸೊನ್ನೆ. ಬರೀ ಮೂರು ಅಳತೆ ತೆಗೆದುಕೊಂಡರೂ ನೂರಕ್ಕೆ ಮೂರೂವರೆ ಜನ ದಾಟಲಿಲ್ಲ. ನಮ್ಮ ಕಾಗದದ ಲೆಕ್ಕದ 2.7ಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ತುಸುವೇ ಮೇಲೆ ಹೇಳಿದ ಸಡಿಲ ಸಂಬಂಧ. ಅವರೆಲ್ಲ ಆಯ್ದು ತಂದ, ಹೆಚ್ಚುಕಡಿಮೆ ಒಂದೇ ಕಟ್ಟಿನ ಹುಡುಗರು ಎಂಬುದನ್ನು ಮರೆಯಬೇಡಿ. ಕೊನೆಗೆ ವಾಯುಪಡೆ ಸರಾಸರಿ ಮನುಷ್ಯನನ್ನು ಹುಡುಕುವುದು ಬಿಟ್ಟು, ಹಿಂದೆಮುಂದೆ ಸರಿಯುವ ಸೀಟು, ಪೆಡಲ್‌ಗಳ ಕಡೆ ಹೊರಳಿತು.

ಬಟ್ಟೆಯವರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ (ಹೌದು, ಕೃಷಿ ಇಲಾಖೆಯೇ) ಸುಮಾರು 15 ಸಾವಿರ ಹೆಂಗಸರ ಮೈಯನ್ನು ಐವತ್ತಕ್ಕೂ ಹೆಚ್ಚು ಕಡೆ ಅಳೆಸಿತು. ಅದರ ಆಧಾರದ ಮೇಲೆ 1958ರಲ್ಲಿ ಒಂದು ಮಾನದಂಡ ಬಂತು. ಅದರಲ್ಲಿ ಎದೆಗೆ ಒಂದು ಸಂಖ್ಯೆ, ಎತ್ತರಕ್ಕೆ ಒಂದು ಅಕ್ಷರ, ನಿತಂಬಕ್ಕೆ ಹೆಚ್ಚು-ಕಡಿಮೆಯ ಚಿಹ್ನೆ. ಶಾಸ್ತ್ರ ಸರಿ, ಅಂಗಡಿಗೆ ಆಗಿಬರಲಿಲ್ಲ. ಯಾಕೆ ಎಂದು ಗಾಂಧಿ ಬಜಾರಿನ ಲೆಕ್ಕದಲ್ಲೇ ನೋಡಿ. ಆರು ಎದೆ, ಮೂರು ಎತ್ತರ, ಮೂರು ನಿತಂಬ: ಒಂದು ಡಿಸೈನಿನ ಒಂದು ಬಣ್ಣಕ್ಕೆ 54 ಪೀಸು. ಮೂವತ್ತು ಡಿಸೈನು, ಮೂರು ಬಣ್ಣ ಇಟ್ಟರೆ 4,860. ಹತ್ತಡಿ ಅಗಲದ ಅಂಗಡಿಯಲ್ಲಿ ಅದನ್ನು ಇಡುವುದೆಲ್ಲಿ? ಎಸ್‌ನಿಂದ ಡಬಲ್ ಎಕ್ಸೆಲ್‌ವರೆಗೆ ಐದೇ ಸೈಜು ಎಂದರೆ 450ರಲ್ಲಿ ಮುಗಿಯುತ್ತದೆ. ಅದರಲ್ಲೂ ಸಗಟು ವ್ಯಾಪಾರಿ ಎಲ್ಲ ಸೈಜು ಸೇರಿಸಿ ಸೆಟ್ ಲೆಕ್ಕದಲ್ಲಿ ಕೊಡುತ್ತಾನೆ. ಎರಡು ಎಲ್ ಹೋಯಿತೋ ಆ ಸೆಟ್ ‘ಕಟ್ ಸೈಜ್’. ಆಗ ಹುಡುಗ ‘ಇದೇ ಆಗತ್ತೆ ಸಾರ್, ಒಂದು ವಾಶ್ ಆದ್ರೆ ಕೂರತ್ತೆ’ ಎನ್ನುತ್ತಾನೆ. ಅವನ ಕೈಯಲ್ಲಿ ಬೇರೆ ಸೈಜೇ ಇಲ್ಲ. 1958ರ ಆ ಮಾನದಂಡವನ್ನು ಅಮೆರಿಕ 1983ರಲ್ಲಿ ಕೈಬಿಟ್ಟಿತು.

ಇನ್ನು ಕಂಪನಿಯಿಂದ ಕಂಪನಿಗೆ ‘ಎಂ’ ಯಾಕೆ ಬೇರೆ? ಪ್ರತಿ ಕಂಪನಿಯೂ ಒಬ್ಬ ಮನುಷ್ಯನ ಮೈಗೆ ಒಂದು ಅಂಗಿ ಸರಿಮಾಡಿ, ಆ ಮಾದರಿಯನ್ನು ಎರಡೆರಡು ಇಂಚು ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜು ಮಾಡುತ್ತದೆ. ಆ ಮನುಷ್ಯ ನಿಮ್ಮ ಹಾಗಿದ್ದರೆ ಆ ಕಂಪನಿಯ ಬಟ್ಟೆ ನಿಮಗೆ ಹೇಳಿ ಹೊಲಿಸಿದಂತಿರುತ್ತದೆ. ಬೀದಿಬದಿಯಲ್ಲಿ ರಾಶಿ ಹಾಕಿ ಮಾರುವ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಮಾಲು ಹೊರದೇಶದ ಮೈಗೆ ಕತ್ತರಿಸಿದ್ದು, ಅದರ ಎಂ ಇಲ್ಲಿಯ ಎಲ್‌ಗೆ ಹತ್ತಿರ. ಒಂದೇ ಕಂಪನಿಯ ಎರಡು ಎಂ ಕೂಡ ಒಂದೇ ಅಲ್ಲ. ಗಾರ್ಮೆಂಟ್ಸ್‌ನಲ್ಲಿ ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಕತ್ತಿ ತುಸು ವಾಲಿದರೆ ಮೇಲಿನ ಪದರಕ್ಕೂ ಅಡಿಯ ಪದರಕ್ಕೂ ವ್ಯತ್ಯಾಸ. ಟೀ ಶರ್ಟಿನ ಹೆಣೆದ ಬಟ್ಟೆಯನ್ನು ಥಾನಿನಿಂದ ಬಿಚ್ಚಿ ಒಂದು ದಿನ ಆರಲು ಬಿಡದೆ ಎಳೆದು ಹಾಸಿದರೆ, ಕತ್ತರಿಸಿದ ಮೇಲೆ ಅದು ಮೆಲ್ಲಗೆ ಹಿಂದೆ ಸರಿದು ಚಿಕ್ಕದಾಗುತ್ತದೆ. ಎದೆಯಲ್ಲಿ ಅರ್ಧ ಇಂಚು ಆಚೀಚೆ ಆದರೆ ತಪಾಸಣೆಯಲ್ಲಿ ಸಾಮಾನ್ಯವಾಗಿ ಪಾಸು. ಒಂದು ಪೀಸು ಅರ್ಧ ಹೆಚ್ಚು, ಇನ್ನೊಂದು ಅರ್ಧ ಕಡಿಮೆ ಎಂದರೆ ಒಂದು ಇಂಚು ಅಂತರ. ಎರಡು ಸೈಜಿನ ನಡುವಿನ ಅಂತರವೇ ಎರಡು ಇಂಚು! ಒಂದೇ ಸೈಜಿನ ಎರಡು ಪೀಸು ಹಾಕಿ ನೋಡಿ ಎನ್ನುವುದು ಇದಕ್ಕೇ.

ಮಲೆನಾಡಿನಲ್ಲಿ ಕುಗ್ಗಿದ ಅಂಗಿಯ ತಪ್ಪನ್ನು ಬಚ್ಚಲೊಲೆಯ ಮೇಲೆ ಹೊರಿಸುವುದು ವಾಡಿಕೆ: ಮಳೆಗಾಲದಲ್ಲಿ ಒಲೆಯ ಮೇಲಿನ ತಂತಿಗೆ ಹಾಕಿದ್ದಕ್ಕೇ ಹೀಗಾಯಿತು ಎಂದು. ಹೊಗೆ ವಾಸನೆಗೆ ಒಲೆ ಹೊಣೆ, ಕುಗ್ಗಿದ್ದಕ್ಕೆ ಹೆಚ್ಚಿನ ಪಾಲು ನೀರು ಹೊಣೆ. ಮಗ್ಗದಲ್ಲಿ ಎಳೆದು ನೇಯ್ದ ಹತ್ತಿಯ ನೂಲು ನೀರು ಕುಡಿದು ದಪ್ಪವಾಗುತ್ತದೆ. ಅಡ್ಡ ನೂಲು ದಪ್ಪವಾದರೆ ಅದನ್ನು ಬಳಸಿ ಹತ್ತಿಳಿಯುವ ಉದ್ದ ನೂಲಿಗೆ ದಾರಿ ಹೆಚ್ಚು ಬೇಕು; ನೂಲು ಬೆಳೆಯುವುದಿಲ್ಲವಾದ್ದರಿಂದ ಬಟ್ಟೆಯೇ ಹತ್ತಿರ ಸರಿಯುತ್ತದೆ. ನೆನೆದ ಹಗ್ಗದ ಗಂಟು ಬಿಗಿಯುವುದೂ ಹೀಗೆಯೇ. ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಯಂತ್ರದಲ್ಲಿ ಒತ್ತಿ ಕುಗ್ಗಿಸುತ್ತಾರೆ, ಆಮೇಲೆ ಶೇ. 1ರ ಆಸುಪಾಸು ಮಾತ್ರ ಉಳಿಯುತ್ತದೆ. ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಅವನ ಹೆಸರಿನದೇ. ಅದಿಲ್ಲದ ಹತ್ತಿ ಕುರ್ತಾ ಶೇ. 3 ಕುಗ್ಗಿದರೂ 40 ಇಂಚು ಉದ್ದದಲ್ಲಿ ಸುಮಾರು ಒಂದೂಕಾಲು ಇಂಚು ಹೋಯಿತು.

ಮಲೆನಾಡಿನ ಹೆಂಗಸರು ಇದಕ್ಕೆಲ್ಲ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ದರ್ಜಿಗೆ ರವಿಕೆ ಹೊಲಿಯಲು ಕೊಡುವಾಗ ‘ಅಳತೆ ಬ್ಲೌಸ್’ ಜೊತೆಗೆ ಕೊಡುತ್ತಾರೆ. ಮೈಯನ್ನು ಸಂಖ್ಯೆಗೆ ಇಳಿಸಿ, ಸಂಖ್ಯೆಯಿಂದ ಮತ್ತೆ ಬಟ್ಟೆಗೆ ಏರಿಸುವ ರಗಳೆಯೇ ಇಲ್ಲ. ಟೇಪು ಬರುವ ಮೊದಲು ಯುರೋಪಿನ ದರ್ಜಿಗಳು ಪ್ರತಿ ಗಿರಾಕಿಗೆ ಒಂದು ಉದ್ದನೆಯ ಕಾಗದದ ಪಟ್ಟಿ ಇಟ್ಟು, ಎದೆ, ಸೊಂಟ ಬಂದಲ್ಲೆಲ್ಲ ಕಚ್ಚು ಹಾಕುತ್ತಿದ್ದರು. ಅದೂ ಇದೇ ಬುದ್ಧಿ. ರೆಡಿಮೇಡಿಗೂ ಇದನ್ನೇ ಮಾಡಿ. ಮೈಗೆ ಚೆನ್ನಾಗಿ ಕೂರುವ, ನಾಲ್ಕಾರು ಸಲ ಒಗೆದ ಅಂಗಿಯೊಂದನ್ನು ಗುಂಡಿ ಹಾಕಿ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿ. ಕಂಕುಳಿನಿಂದ ಒಂದು ಇಂಚು ಕೆಳಗೆ ಈ ಹೊಲಿಗೆಯಿಂದ ಆ ಹೊಲಿಗೆಗೆ ಅಳೆದು ಎರಡರಿಂದ ಗುಣಿಸಿ. 22 ಬಂದರೆ 44. ಬೆನ್ನ ಮೇಲೆ ಭುಜದ ಹೊಲಿಗೆಯಿಂದ ಹೊಲಿಗೆಗೆ, ಕಾಲರಿನ ಬುಡದಿಂದ ಕೆಳ ಅಂಚಿಗೆ, ಭುಜದಿಂದ ಕಫಿನ ತುದಿಗೆ ಅಳೆಯಿರಿ. ನಾಲ್ಕೇ ಸಂಖ್ಯೆ, ಒಂದು ಚೀಟಿ. ಅಂಗಡಿಯಲ್ಲಿ ‘ಫಾರ್ಟಿ ಕೊಡಿ’ ಎನ್ನುವ ಬದಲು ಟೇಪು ಕೇಳಿ, ಅಂಗಿಯನ್ನು ಕೌಂಟರಿನ ಮೇಲೆ ಹಾಸಿಸಿ. ಹುಡುಗನೂ ಬೇಸರಿಸುವುದಿಲ್ಲ, ಹತ್ತು ಪೀಸು ಬಿಚ್ಚಿ ಮಡಿಸುವುದು ತಪ್ಪುತ್ತದೆ. 2022ರಿಂದ ಬಿಡಿಯಾಗಿ ಮಾರುವ ಉಡುಪಿನ ಮೇಲೆ ಎಸ್, ಎಂ, ಎಲ್ ಜೊತೆ ಸೆಂಟಿಮೀಟರ್ ಅಳತೆಯೂ ಇರಬೇಕೆಂದು ಕೇಂದ್ರದ ನಿಯಮವಿದೆ. ಟ್ಯಾಗಿನಲ್ಲಿ ಮೊದಲು ಅದನ್ನು ಹುಡುಕಿ.

ಭಾರತದ್ದೇ ಅಳತೆಪಟ್ಟಿ ಮಾಡಲು ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಕೈಗೊಂಡಿತು. ಅದರಿಂದ ಕಂಪನಿಗಳ ಮಾದರಿ ಮನುಷ್ಯ ನಮ್ಮ ಕಡೆಯವನಾದಾನು. ಜರಡಿಯ ಲೆಕ್ಕ ಮಾತ್ರ ಹಾಗೇ ಇರುತ್ತದೆ.

ಎಲ್ಲವೂ ಸರಿಹೊಂದುವ ಪೀಸು ಸಿಗದಿದ್ದರೆ ಯಾವುದನ್ನು ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಭುಜವನ್ನು ಬಿಡಬೇಡಿ. ಹೊಲಿಗೆ ಭುಜದ ತುದಿಯ ಮೂಳೆಯ ಮೇಲೆಯೇ ನಿಲ್ಲಬೇಕು. ಅದನ್ನು ಆಲ್ಟರ್ ಮಾಡಲು ತೋಳು, ಕಂಕುಳು ಎಲ್ಲ ಬಿಚ್ಚಬೇಕಾಗುತ್ತದೆ, ದರ್ಜಿ ಕೇಳುವ ಕೂಲಿಗೆ ಅರ್ಧ ಅಂಗಿ ಬರುತ್ತದೆ. ಎದೆ, ಹೊಟ್ಟೆ ದೊಗಳೆಯಾದರೆ ಪಕ್ಕದ ಹೊಲಿಗೆ ಹಿಡಿಸುವುದು ಸುಲಭ. ಬಿಗಿಯಾದರೆ ಬಿಡಿಸಲು ಆಗದು, ರೆಡಿಮೇಡ್ ಶರ್ಟಿನ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟಿರುವುದೇ ಇಲ್ಲ. ಪ್ಯಾಂಟಿನ ಕತೆ ಬೇರೆ. ಒಳಗು ಹೊರಗು ಮಾಡಿ, ಹಿಂಭಾಗದ ನಡು ಹೊಲಿಗೆ ನೋಡಿ. ಅಲ್ಲಿ ಒಂದು ಇಂಚು ಬಟ್ಟೆ ಮಡಿಸಿದ್ದರೆ ಬರುವ ವರ್ಷದ ಹೊಟ್ಟೆಗೂ ಜಾಗ ಇದೆ ಎಂದರ್ಥ. ಜೀನ್ಸಿನಲ್ಲಿ ಅದನ್ನು ಹುಡುಕಬೇಡಿ, ಇರುವುದಿಲ್ಲ.