ಓದುಗರ ಪ್ರಶ್ನೆ: ಜರ್ಮನಿಯ ಮೂಕಿ ಚಿತ್ರಗಳಲ್ಲಿ ನಗೆ ಇರಲಿಲ್ಲವೇ?

ಪ್ರಶ್ನೆ: ಜರ್ಮನಿಯ ಹಳೆಯ ಮೂಕಿ ಚಿತ್ರಗಳೆಂದರೆ ಕತ್ತಲೆ, ನೆರಳು, ರಕ್ತಪಿಶಾಚಿಗಳೇ ಕಣ್ಣ ಮುಂದೆ ಬರುತ್ತವೆ. ಅಲ್ಲಿ ಹಾಸ್ಯಚಿತ್ರಗಳು ಇರಲೇ ಇಲ್ಲವೇ?

ಇದ್ದವು, ಅದೂ ಭರ್ಜರಿಯಾಗಿ. ನೀವು ನೆನೆಯುತ್ತಿರುವ ಕತ್ತಲೆಯ ಚಿತ್ರಗಳಲ್ಲಿ ಹೆಸರಾದ 'ಡಾಕ್ಟರ್ ಕ್ಯಾಲಿಗರಿ' ತೆರೆಗೆ ಬಂದದ್ದು 1920ರಲ್ಲಿ. ಅದಕ್ಕೂ ಮೊದಲು, 1919ರಲ್ಲೇ, ಬರ್ಲಿನ್ನಿನ ನಿರ್ದೇಶಕ ಎರ್ನ್ಸ್ಟ್ ಲುಬಿಚ್ 'ಡಿ ಆಸ್ಟರ್ನ್‌ಪ್ರಿನ್ಸೆಸಿನ್' ಎಂಬ ಚಿತ್ರ ಮಾಡಿದ್ದರು. ಕನ್ನಡದಲ್ಲಿ ಹೇಳುವುದಾದರೆ 'ಸಿಂಪಿ ರಾಜಕುಮಾರಿ'. ಸುಮಾರು ಒಂದು ಗಂಟೆಯ ಚಿತ್ರ. ಮೂಕಿ ಚಿತ್ರ ನೋಡಲು ಹಿಂಜರಿಯುವ ಯಾರಿಗಾದರೂ ನಾನು ಮೊದಲು ಹೇಳುವ ಹೆಸರು ಇದು.

ಕಥೆ ಎಳೆಯಷ್ಟೇ. ಸಿಂಪಿ ಮಾರಿ ಕುಬೇರನಾದ ಕ್ವೇಕರ್ ಎಂಬ ಹೆಸರಿನ ಅಮೆರಿಕನ್ನನಿಗೆ ಒಬ್ಬಳೇ ಮಗಳು, ಒಸ್ಸಿ. ಬೂಟ್ ಪಾಲಿಶ್ ದೊರೆಯ ಮಗಳಿಗೆ ಕುಲೀನ ವರ ಸಿಕ್ಕಿದನೆಂಬ ಸುದ್ದಿ ಕೇಳಿ ಅವಳು ಮನೆಯ ಸಾಮಾನನ್ನೆಲ್ಲ ಒಡೆದು ಹಾಕುತ್ತಾಳೆ. ಅಪ್ಪ ರಾಜಕುಮಾರನನ್ನೇ ತರಿಸುತ್ತೇನೆಂದು ಮಾತು ಕೊಡುತ್ತಾನೆ. ಸಿಗುವ ರಾಜಕುಮಾರ ನೂಕಿಯೋ, ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವಷ್ಟು ಬಡವ. ಹೆಣ್ಣು ನೋಡಿ ಬರಲೆಂದು ಅವನು ಕಳಿಸಿದ ಗೆಳೆಯ ಜೋಸೆಫ್‌ನನ್ನೇ ವರನೆಂದು ತಿಳಿದು ಮದುವೆ ನಡೆದುಬಿಡುತ್ತದೆ!

ಮಾತಿಲ್ಲದೆ ನಗಿಸುವುದು ಹೇಗೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಬ್ಬ ಸೇವಕ ಬೇಕಾದಲ್ಲಿ ಲುಬಿಚ್ ಸಾಲುಸಾಲು ಸೇವಕರನ್ನು ನಿಲ್ಲಿಸುತ್ತಾರೆ. ಕ್ವೇಕರ್ ಕೈ ಎತ್ತುವುದೇ ಇಲ್ಲ. ಅವನ ಚುಟ್ಟಾ ಹಿಡಿಯಲು ಒಬ್ಬ, ತಲೆ ಬಾಚಲು ಇನ್ನೊಬ್ಬ. ಮದುವೆಯ ಊಟಕ್ಕೆ ಬಡಿಸುವವರದೇ ಒಂದು ಪಡೆ. ನಡುವೆ ಫಾಕ್ಸ್‌ಟ್ರಾಟ್ ಕುಣಿತ ಸಾಂಕ್ರಾಮಿಕ ರೋಗದಂತೆ ಹರಡಿ, ಅತಿಥಿಗಳಿಂದ ಅಡುಗೆಮನೆಯವರೆಗೆ ಎಲ್ಲರೂ ಕುಣಿಯುತ್ತಾರೆ. ಆದರೆ ನನಗೆ ಅತಿ ಪ್ರಿಯವಾದದ್ದು ಕ್ವೇಕರ್ ಮನೆಯಲ್ಲಿ ಜೋಸೆಫ್ ಕಾಯುವ ದೃಶ್ಯ. ಎಷ್ಟು ಹೊತ್ತಾದರೂ ಯಾರೂ ಬರುವುದಿಲ್ಲ. ಅವನು ನೆಲದ ಚಿತ್ತಾರದ ಗೆರೆಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಸುತ್ತತೊಡಗುತ್ತಾನೆ. ಅಷ್ಟೇ, ಅವನ ಬೇಸರ, ಆ ಮನೆಯ ಪೊಳ್ಳು ವೈಭವ ಎರಡೂ ಒಟ್ಟಿಗೆ ಕಾಣುತ್ತವೆ.

ಇದನ್ನು ನೋಡಿದ ಮೊದಲ ಪ್ರೇಕ್ಷಕರನ್ನು ನೆನೆಯಿರಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ. ಹೊಟ್ಟೆ ತುಂಬ ಊಟವೇ ದುರ್ಲಭವಾಗಿದ್ದ ದಿನಗಳು. ಗೆದ್ದವರ ಸಿರಿಯನ್ನು, ತಮ್ಮದೇ ರಾಜವಂಶಗಳ ದಾರಿದ್ರ್ಯವನ್ನು ಅವರು ಒಂದೇ ತೆರೆಯ ಮೇಲೆ ನೋಡಿ ನಕ್ಕರು.

1922ರಲ್ಲಿ ಲುಬಿಚ್ ಹಾಲಿವುಡ್‌ಗೆ ಹೋದರು. ಮುಚ್ಚಿದ ಬಾಗಿಲನ್ನಷ್ಟೇ ತೋರಿಸಿ ಒಳಗಿನದನ್ನು ಪ್ರೇಕ್ಷಕರ ಊಹೆಗೆ ಬಿಡುವ ಕಲೆಗೆ ಅಲ್ಲಿ ಹೆಸರಾದರು. ಅದರ ಮೊಳಕೆ ಈ ಚಿತ್ರದಲ್ಲೇ ಇದೆ. ಏನೇ ನಡೆದರೂ 'ಇದೇನೂ ದೊಡ್ಡದಲ್ಲ' ಎನ್ನುತ್ತಲೇ ಬಂದ ಕ್ವೇಕರ್, ಕೊನೆಯಲ್ಲಿ ಮಗಳ ಕೋಣೆಯ ಬೀಗದ ಕಂಡಿಗೆ ಕಣ್ಣಿಟ್ಟು, ಮೊದಲ ಬಾರಿಗೆ ಮೆಚ್ಚಿ ತಲೆದೂಗುತ್ತಾನೆ.